ರಾಹುಕಾಲದ ವಿಮಾನಗಳು

ನಮ್ಮ ಬೀದಿಯಲ್ಲಿ ಮಾತಾಡುವುದನ್ನು ಕಲಿಯಲು ನನಗೆ ಒಂದು ವರ್ಷವೇ ಹಿಡಿಯಿತು. ನನ್ನ ತವರು ಕಾಕ್ಸ್ ಟೌನ್, ಈಗ ಸರ್ವಜ್ಞನಗರ ಅನ್ನುತ್ತಾರೆ. ಅಲ್ಲಿ ಬೆಳಿಗ್ಗೆ ಚರ್ಚಿನ ಗಂಟೆ, ಸಂಜೆ ಬೇಕರಿಯವನ ಸೈಕಲ್ ಬೆಲ್ಲು, ಗದ್ದಲ ಅಂದರೆ ಅಷ್ಟೇ. ಮದುವೆಯಾಗಿ ವಿಮಾನಪುರದ ಉದ್ದ ಗೋಡೆಗೆ ಅಂಟಿಕೊಂಡ ಈ ಬೀದಿಗೆ ಬಂದ ಮೊದಲ ವಾರ, ಅಡುಗೆಮನೆಯಲ್ಲಿ ಅತ್ತೆ "ಸುಕನ್ಯಾ, ಆ ಸಾರಿಗೆ" ಎಂದವರು ಬಾಯಿ ಮುಚ್ಚಿ ನಿಂತುಬಿಟ್ಟರು. ತಲೆಯ ಮೇಲೆ ವಿಮಾನ ಹೋಯಿತು. ಶೆಲ್ಫಿನ ಮೇಲಿನ ಸ್ಟೀಲ್ ಡಬ್ಬಿಗಳು ಗಿಲಿಗಿಲಿ ಎಂದವು. ಸದ್ದು ಇಳಿದ ಮೇಲೆ ಏನೂ ಆಗದವರ ಹಾಗೆ "ಉಪ್ಪು ಹಾಕ್ದಾ?" ಎಂದು ಮಾತು ಮುಗಿಸಿದರು.

ಇಲ್ಲಿ ಎಲ್ಲರೂ ಹಾಗೆಯೇ. ಸೊಪ್ಪಿನವಳು ಚೌಕಾಸಿಯ ನಡುವೆ ನಿಲ್ಲುತ್ತಾಳೆ. ನಲ್ಲಿಯ ಹತ್ತಿರ ಜಗಳವಾಡುವ ಹೆಂಗಸರು ಬೈಗುಳದ ಅರ್ಧಕ್ಕೆ ನಿಂತು, ಕೈ ಎತ್ತಿದ್ದನ್ನು ಎತ್ತಿದ ಹಾಗೇ ಇಟ್ಟುಕೊಂಡು ಕಾಯುತ್ತಾರೆ. ವಿಮಾನ ದಾಟಿದ ಮೇಲೆ ಬಿಟ್ಟ ಅಕ್ಷರದಿಂದಲೇ ಬೈಗುಳ ಶುರುವಾಗುತ್ತದೆ. ಫೋನಿನಲ್ಲಿ ನಮ್ಮಮ್ಮ "ಲೈನ್ ಕಟ್ ಆಯ್ತೇನೇ?" ಎಂದು ಎಷ್ಟು ಸಲ ಕೇಳಿದ್ದಾಳೋ. ನಾನೂ ಕಲಿತೆ. ಈಗ ಇಪ್ಪತ್ತು ವರ್ಷದಿಂದ ಹೊಲಿಗೆ ಯಂತ್ರದ ಮೇಲಿನ ನನ್ನ ಕಾಲೂ ವಿಮಾನಕ್ಕೆ ತಾನಾಗಿಯೇ ನಿಲ್ಲುತ್ತದೆ.

ಕಲಿಯಲಾಗದವಳು ರೇವತಿ ಒಬ್ಬಳೇ. ಅವಳಿಗೆ ಆರು ತಿಂಗಳು.

ರೇವತಿಯ ಅಮ್ಮ ಜಯಮಾಲಾ ನನ್ನ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕಿ, ಸೀರೆಗೆ ಫಾಲ್ ಹೊಲಿಯುವವಳು. ಅಂಗಡಿ ಅಂದರೆ ನಮ್ಮ ಮನೆಯ ಮುಂದೆ ಬೀದಿಗೆ ತೆರೆದುಕೊಂಡ ಕೋಣೆ. ಅವಳ ಗಂಡ ಭೀಮು ಕೆ.ಆರ್. ಪುರದ ಕಡೆ ಕಟ್ಟಡಗಳಿಗೆ ಕಂಬಿ ಕಟ್ಟುತ್ತಾನೆ. ಸುರಪುರದ ಕಡೆಯವರು; ನಮ್ಮ ಮನೆಯ ಹಿಂದಿನ ಶೀಟ್ ಮನೆಗಳ ಸಾಲಿನಲ್ಲಿ ಬಾಡಿಗೆಗಿದ್ದಾರೆ. ಅದು ನನ್ನ ಮಾವ ಮುನಿಆಂಜನಪ್ಪನವರು ಒಂದು ಕಾಲಕ್ಕೆ ರಾಗಿ ಬೆಳೆದ ಹೊಲ. ಇವತ್ತೋ ನಾಳೆಯೋ ಆ ಜಾಗ ಸರ್ಕಾರಕ್ಕೆ ಹೋಗುತ್ತದೆ ಎಂಬ ಮಾತು ಮಾವನ ಕಾಲದಿಂದಲೂ ಇದ್ದುದರಿಂದ ಅಲ್ಲಿ ಗಟ್ಟಿಯಾಗಿ ಏನನ್ನೂ ಕಟ್ಟಲಿಲ್ಲ. ಜಾಗ ಹೋಗಲೂ ಇಲ್ಲ, ಮನೆ ಏಳಲೂ ಇಲ್ಲ. ಮಾವ ತೀರಿಕೊಂಡ ಮೇಲೆ ಅದು ಪೂರ್ತಿ ಅತ್ತೆ ಅಣ್ಣಮ್ಮನವರ ರಾಜ್ಯ. ನನ್ನ ಗಂಡ ಶ್ರೀನಿವಾಸ್ ತಾಯಿಯ ಮುಂದೆ ಹೂಂ ಅನ್ನಲು ಮಾತ್ರ ಬಾಯಿ ತೆರೆಯುವ ಜಾತಿ.

ಜಯಮಾಲಾ ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಬಂದ ದಿನದಿಂದ ಕೂಸಿಗೆ ನಿದ್ದೆಯಿಲ್ಲ. ವಿಮಾನ ಬಂದರೆ ಆ ತಗಡಿನ ಶೀಟಿನ ಕೆಳಗೆ ದೊಡ್ಡವರ ಎದೆಯೇ ನಡುಗುತ್ತದೆ. ಕೂಸು ಎರಡೂ ಕೈ ಮೇಲಕ್ಕೆ ಎಸೆದು ಬೆಚ್ಚಿ ಬೀಳುತ್ತಿತ್ತು. ಹಾಲು ಕುಡಿಯುತ್ತಿದ್ದರೆ ಮೊಲೆ ಬಿಟ್ಟು ಚೀರುತ್ತಿತ್ತು. ಜಯಮಾಲಾ ನನ್ನ ಅಂಗಡಿಯ ಚೂರುಬಟ್ಟೆಗಳನ್ನೆಲ್ಲ ಸೇರಿಸಿ ದಪ್ಪನೆಯ ಎರಡು ಕೌದಿ ಹೊಲಿದು ಶೀಟಿನ ಕೆಳಗೆ ಕಟ್ಟಿದಳು. ಮಳೆಯ ಸದ್ದು ತಗ್ಗಿತು, ವಿಮಾನದ್ದು ತಗ್ಗಲಿಲ್ಲ. ಆಮೇಲೆ ಶೀಟು ಸೋರಿ, ಕೌದಿ ನೆನೆದು, ಇಳಿಸಬೇಕಾಯಿತು.

ಆ ಹೊತ್ತಿಗೆ ಆತಿಕಾ ಒಂದು ಒಳ್ಳೆಯ ಸುದ್ದಿ ತಂದಳು. ಆತಿಕಾ ಪಕ್ಕದ ಬೀದಿಯ ಪ್ರಾಥಮಿಕ ಶಾಲೆಯ ಟೀಚರ್, ವಾರ್ಡ್ ಸಮಿತಿಯಲ್ಲೂ ಇದ್ದಾಳೆ. ವಿಮಾನ ನಿಲ್ದಾಣದ ಸುತ್ತಲಿನ ಬೀದಿಗಳನ್ನು ಸುಧಾರಿಸುವ ಯೋಜನೆ ಬಂದಿದೆಯಂತೆ. ಏನೇನು ಬೇಕು ಎಂದು ನಮ್ಮನ್ನೇ ಕೇಳುತ್ತಾರಂತೆ. ಗಣೇಶನ ಗುಡಿಯ ಮುಂದೆ ಸಭೆ ಸೇರಿದೆವು. ಒಬ್ಬರು ಚರಂಡಿಗೆ ಕಲ್ಲು ಹಾಸಬೇಕೆಂದರು, ಒಬ್ಬರು ಬೀದಿದೀಪ ಎಂದರು, ಇನ್ನೊಬ್ಬರು ಇರುವ ರಸ್ತೆಗಿಂತ ಹೆಚ್ಚು ಹಂಪು ಬೇಕೆಂದರು. ಆತಿಕಾ ಪ್ರತಿ ಸಲವೂ ಮಾತನ್ನು ಹಿಡಿದು ಸದ್ದಿನ ಕಡೆಗೇ ಎಳೆದಳು. ಗೋಡೆಯುದ್ದಕ್ಕೂ ಮರದ ಸಾಲು, ಶಾಲೆಯ ಕಿಟಕಿಗೆ ಎರಡು ಪದರದ ಗಾಜು, ಶೀಟ್ ಮನೆಗಳಿಗೆ ಒಳಗಡೆಯಿಂದ ಉಣ್ಣೆಯಂಥ ಹಾಸು ತುಂಬಿದ ಎರಡನೇ ಚಾವಣಿ. ಆ ಕೊನೆಯದನ್ನು ಕೇಳಿ ಜಯಮಾಲಾ ನನ್ನ ಮೊಣಕೈ ಹಿಡಿದುಕೊಂಡಳು.

ಆದರೆ ಮೊದಲು ಪ್ರತಿ ಬೀದಿಯಲ್ಲೂ ಸದ್ದನ್ನು ಅಳೆಯಬೇಕು. ಮಿತಿ ಮೀರಿದ ಬೀದಿಗೆ ಮಾತ್ರ ಚಾವಣಿ, ಉಳಿದವರಿಗೆ ಚರಂಡಿ ಮತ್ತು ದೀಪ. ನಮ್ಮ ಬೀದಿಯ ಸರದಿ ಒಂದು ಸೋಮವಾರ ಬಂತು. ಅಳೆಯಲು ಬರುವ ಇಂಜಿನಿಯರ್ ಪ್ರೇಮ್‌ಕುಮಾರ್ ಅತ್ತೆಯ ಫೋನಿಗೇ ಹೇಳಿದ್ದ, ಏಕೆಂದರೆ ಬೀದಿಯ ಹಿರಿಯರು ಅವರೇ. ಅದೇ ಸೋಮವಾರ ನಾನು ಜಯಮಾಲಾಳನ್ನೂ ಕೂಸನ್ನೂ ಕರೆದುಕೊಂಡು ಹಲಸೂರಿನ ಮಕ್ಕಳ ಡಾಕ್ಟರ ಹತ್ತಿರ ಹೋಗಬೇಕಾಗಿತ್ತು. ಅಳೆಯುವುದಕ್ಕೆ ನಾನೇಕೆ ಬೇಕು, ವಿಮಾನ ಇದೆ, ಮೀಟರ್ ಇದೆ ಎಂದುಕೊಂಡು ಹೊರಟೆ.

ಡಾಕ್ಟರು ಕಿವಿ ಪರೀಕ್ಷೆ ಮಾಡಿದರು. ಕಿವಿ ಚೆನ್ನಾಗಿದೆ, ಅದಕ್ಕೇ ಕಷ್ಟ ಎಂದರು. ಎರಡು ತಿಂಗಳಿಂದ ಕೂಸಿನ ತೂಕ ಏರಿಲ್ಲ. ನಿದ್ದೆಯಿಲ್ಲದೆ ಮಗು ಬೆಳೆಯುವುದಿಲ್ಲ, ಆ ಸದ್ದಿನಿಂದ ದೂರ ಇಡಿ ಎಂದು ಮೆಲ್ಲಗೆ, ಆದರೆ ಖಡಕ್ಕಾಗಿ ಹೇಳಿದರು. ವಾಪಸ್ ಬರುವಾಗ ಆಟೋ ಮರ್ಫಿ ಟೌನ್ ದಾಟಿದ ಮೇಲೆ ಜಯಮಾಲಾ ಕೂಸಿನ ತಲೆ ನೇವರಿಸುತ್ತಾ ಹೇಳಿದಳು:

"ದೀಪಾವಳಿ ತನ ನೋಡ್ತೀನ್ರಿ ಅಕ್ಕಾರ. ಆಮ್ಯಾಲ ಇಕೀನ್ನ ಕರಕೊಂಡು ಊರಿಗಿ ಹೋಗಿಬಿಡ್ತೀನಿ. ಅವರು ಇಲ್ಲೇ ಇರಲಿ, ದುಡೀಬೇಕಲ್ರಿ."

ಭೀಮು ಕೆಲಸದಿಂದ ಬಂದವನು ಕೈಯ ತುಕ್ಕು ತೊಳೆದುಕೊಳ್ಳುವ ಮೊದಲು ಕೂಸಿಗೆ ಮುಖ ತೋರಿಸಿ ಹೋಗುವುದನ್ನು ದಿನವೂ ನೋಡಿದ್ದೇನೆ. ಅವನನ್ನು ಆ ಕೋಣೆಯಲ್ಲಿ ಒಬ್ಬನೇ ಇರುವಂತೆ ಊಹಿಸಿಕೊಳ್ಳಲು ಆಗಲಿಲ್ಲ. ನಿಜ ಹೇಳಬೇಕೆಂದರೆ ನನ್ನದೂ ಇತ್ತು: ಅಂಗಡಿಯ ಕಟಿಂಗ್ ಟೇಬಲ್ಲಿನ ಕೆಳಗೆ ಆ ಕೂಸು ಕಾಲಾಡಿಸುತ್ತಾ ಮಲಗಿರುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಇರಲಿ, ಇವತ್ತು ಮೀಟರ್ ಬಂದಿರುತ್ತದೆ, ಚಾವಣಿ ಆಗೇ ಆಗುತ್ತದೆ ಎಂದು ಅವಳಿಗೆ ಧೈರ್ಯ ಹೇಳಿದೆ.

ಮನೆಗೆ ಬಂದು ನೋಡಿದರೆ ಬೀದಿ ಹಬ್ಬದ ಹಾಗಿತ್ತು. ಗುಡಿಸಿ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಹಿಟ್ಟಿನ ಗಿರಣಿ ಬಂದ್. ಅತ್ತೆ ರೇಷ್ಮೆ ಅಂಚಿನ ಸೀರೆಯುಟ್ಟು ಜಗಲಿಯ ಮೇಲೆ ತೃಪ್ತಿಯಿಂದ ಕುಳಿತಿದ್ದರು.

ನಡೆದದ್ದು ಇಷ್ಟು. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತರವರೆಗೆ. ಬೀದಿಗೆ ಒಳ್ಳೆಯದಾಗುವ ಕೆಲಸವನ್ನು ರಾಹುಕಾಲದಲ್ಲಿ ಶುರು ಮಾಡುವುದುಂಟೇ? ಅತ್ತೆ ಹಿಂದಿನ ದಿನವೇ ಪ್ರೇಮ್‌ಕುಮಾರನಿಗೆ ಫೋನ್ ಮಾಡಿ ಒಂಬತ್ತರ ಮೇಲೆ ಬಾಪ್ಪ ಎಂದಿದ್ದರು. ಬೆಳಗಿನ ವಿಮಾನಗಳೆಲ್ಲ ಏಳುವುದು ಸರಿಯಾಗಿ ಆ ರಾಹುಕಾಲದಲ್ಲೇ. ಆಮೇಲೆ ಮಧ್ಯಾಹ್ನದವರೆಗೆ ಆಕಾಶಕ್ಕೆ ಬಿಡುವು. ಅವನು ಮೀಟರನ್ನು ಶೀಟ್ ಮನೆಯಲ್ಲಿ ಇಡುತ್ತೇನೆಂದಾಗ, ಬಂದವರನ್ನು ಸೆಕೆಯಲ್ಲಿ ತಗಡಿನ ಕೆಳಗೆ ಕೂರಿಸಿದರೆ ನಮ್ಮ ಮರ್ಯಾದೆ ಏನಾಗಬೇಕು ಎಂದು ಕಾಂಕ್ರೀಟ್ ಮೋಲ್ಡಿಂಗ್ ಹಾಕಿದ ನಮ್ಮ ಮನೆಯ ಹಾಲ್‌ಗೆ ಕರೆದೊಯ್ದರು. ಧೂಳು ಬರುತ್ತದೆಂದು ಕಿಟಕಿ ಮುಚ್ಚಿಸಿದರು. ಸಾಹೇಬರಿಗೆ ತೊಂದರೆಯಾಗಬಾರದೆಂದು ಬೀದಿಗೆಲ್ಲ ಗಲಾಟೆ ಮಾಡಬೇಡಿ ಎಂದು ಹೇಳಿ ಕಳಿಸಿದರು. ಮೀಟರ್ ದೇವರ ಮನೆಯ ಪಕ್ಕದ ಸ್ಟೂಲಿನ ಮೇಲೆ ತಂಪಾಗಿ ಕುಳಿತು, ಅತ್ತೆಯ ಗಡಿಯಾರದ ಟಿಕ್‌ಟಿಕ್ ಕೇಳಿಕೊಂಡು, ಊಟದ ಹೊತ್ತಿಗೆ ಹೊರಟುಹೋಗಿತ್ತು. ಪ್ರೇಮ್‌ಕುಮಾರ್ ಚಿತ್ರಾನ್ನ ಎರಡು ಸಲ ಹಾಕಿಸಿಕೊಂಡನಂತೆ.

ನನಗೆ ಕೋಪ ಬೇಗ ಬರುತ್ತದೆ, ಅದು ಇಡೀ ಬೀದಿಗೆ ಗೊತ್ತು. ಆದರೆ ಅತ್ತೆಗೆ ಎದುರು ಮಾತಾಡಿದವಳಲ್ಲ. ಆವತ್ತು ಆಡಿಬಿಟ್ಟೆ. ಡಾಕ್ಟರು ಹೇಳಿದ್ದನ್ನು, ದೀಪಾವಳಿಯ ಮಾತನ್ನು, ಎಲ್ಲವನ್ನೂ ಹೇಳಿದೆ. ಅತ್ತೆ ತಮ್ಮ ಹಳೇ ರಾಗ ತೆಗೆದರು, ನಮ್ಮ ಮಕ್ಕಳೂ ಇದೇ ಸದ್ದಿನಲ್ಲಿ ಬೆಳೆಯಲಿಲ್ಲವೇ ಎಂದು. ಆಗ ನನ್ನ ನಾಲಗೆ ನನ್ನ ಹಿಡಿತದಲ್ಲಿರಲಿಲ್ಲ.

"ನಿಮ್ ಮಕ್ಳು ಮೋಲ್ಡಿಂಗ್ ಕೆಳಗೆ ಮಲಗಿದ್ರು ಅತ್ತೆ. ಒಂದು ಬೆಳಿಗ್ಗೆಗೆ ಮೀಟರ್‌ಗೆ ಈ ಹಾಲ್ ಬಿಟ್ಕೊಟ್ರಲ್ಲ, ಆ ಕೂಸಿಗೆ ಒಂದಿನ ಬಿಟ್ಕೊಡೋಕೆ ನಿಮಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ."

ವಿಮಾನವಿಲ್ಲದೆ ಅತ್ತೆ ಬಾಯಿ ಮುಚ್ಚಿದ್ದನ್ನು ಅವತ್ತೇ ಮೊದಲು ನೋಡಿದ್ದು. ಎದ್ದು ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದು ರಂಗೋಲಿಯ ತಟ್ಟೆ ತೊಳೆದಿಟ್ಟರು.

ಎರಡು ವಾರದಲ್ಲಿ ವರದಿ ಬಂತು. ನಮ್ಮ ಬೀದಿಯ ಸದ್ದು ಮಿತಿಯೊಳಗಿದೆ. ಚರಂಡಿಗೆ ಕಲ್ಲು, ಎರಡು ದೀಪ. ಇನ್ನೊಮ್ಮೆ ಅಳೆಯಿರಿ ಎಂದು ಆತಿಕಾ ಕಚೇರಿಗೆ ಅಲೆದಳು. ಒಮ್ಮೆ ಅಳೆದ ಬೀದಿಗೆ ಮತ್ತೆ ಅಳತೆ ಮುಂದಿನ ಹಂತದಲ್ಲಿ ಎಂದರು. ಅದು ಯಾವ ವರ್ಷ ಎಂದು ಯಾರಿಗೂ ಗೊತ್ತಿರಲಿಲ್ಲ. ಜಯಮಾಲಾ ಬಟ್ಟೆಯ ಗಂಟು ಕಟ್ಟಲು ಶುರು ಮಾಡಿದಳು. ಉಳಿದದ್ದು ಒಂದೇ ದಾರಿ: ಯೋಜನೆಯನ್ನು ಅಂತಿಮ ಮಾಡುವ ಮೊದಲು ಇಂದಿರಾನಗರದ ಒಂದು ಸಭಾಂಗಣದಲ್ಲಿ ಜನರ ಆಕ್ಷೇಪಣೆ ಕೇಳುತ್ತಾರೆ, ಅಲ್ಲಿಗೆ ಹೋಗುವುದು.

ಹೋದೆವು. ನಮ್ಮ ಬೀದಿಯಿಂದಲೇ ಎರಡು ಟೆಂಪೋ ಜನ. ಭೀಮು ಆವತ್ತಿನ ಕೂಲಿ ಬಿಟ್ಟು ಬಂದಿದ್ದ. ಕರೆಯದೆ ಇದ್ದರೂ ಅತ್ತೆ ಮುಂದಿನ ಸೀಟಿನಲ್ಲಿ ಬಂದು ಕುಳಿತಿದ್ದರು. ಸಭಾಂಗಣಕ್ಕೆ ಎಸಿ, ದಪ್ಪ ಪರದೆ, ನೆಲಕ್ಕೆಲ್ಲ ಮೆತ್ತನೆಯ ಹಾಸು. ವೇದಿಕೆಯ ಮೇಲೆ ಪ್ರೇಮ್‌ಕುಮಾರ್ ಮತ್ತು ಅವನಿಗಿಂತ ಮೇಲಿನ ಒಬ್ಬ ಹೆಂಗಸು ಅಧಿಕಾರಿ. ಕನ್ನಡಕ ಹಾಕಿಕೊಂಡು ಎಲ್ಲರ ಮಾತನ್ನೂ ತಾಳ್ಮೆಯಿಂದ ಕೇಳುತ್ತಿದ್ದರು. ಆತಿಕಾ ಚೆನ್ನಾಗಿ ವಾದ ಮಾಡಿದಳು. ಪ್ರೇಮ್‌ಕುಮಾರ್ ಕೂಡ ಮರ್ಯಾದಸ್ಥನೇ. ತಾನು ಕೇಳಿದ ಮಟ್ಟಿಗೆ ಬೀದಿ ಶಾಂತವಾಗಿತ್ತು, ಮೀಟರ್ ಹೇಳಿದ್ದನ್ನು ಬಿಟ್ಟು ಬೇರೆ ಬರೆಯಲು ತನಗೆ ಅಧಿಕಾರವಿಲ್ಲ ಎಂದ. ತಪ್ಪು ಹುಡುಕಲು ಅದರಲ್ಲಿ ಏನೂ ಇರಲಿಲ್ಲ. ಇನ್ನು ಆಯಿತು ಎಂದುಕೊಂಡೆ.

ಆಗ ಅತ್ತೆ ಎದ್ದು ನಿಂತರು. ಮೈಕು ಕೊಡಲು ಬಂದವನ ಕೈ ಸರಿಸಿದರು.

"ಆ ಮೀಟರ್‌ದೇನೂ ತಪ್ಪಿಲ್ಲಮ್ಮ. ತಪ್ಪು ನಂದು. ರಾಹುಕಾಲ ಕಳೀಲಿ ಅಂತ ನಾನೇ ಸಾಹೇಬ್ರನ್ನ ತಡ ಮಾಡ್ಸಿದ್ದು. ವಿಮಾನ ಎಲ್ಲ ಆವಾಗ್ಲೇ ಹೋಗೋದು. ಆಮೇಲೆ ನಮ್ಮ ಹಾಲ್‌ನಲ್ಲಿ ಕೂರಿಸ್ದೆ. ಹಿಂದಗಡೆ ಶೀಟ್ ಮನೇಲಿ ಒಂದು ಕೂಸೈತೆ, ಅದು"

ಅಷ್ಟಕ್ಕೆ ನಿಂತರು. ವೇದಿಕೆಯವರು ಕಾದರು. ದುಃಖ ಉಕ್ಕಿಬಂದಿರಬೇಕು ಎಂದು ಆ ಅಧಿಕಾರಿ ನೀರಿನ ಬಾಟಲಿ ಮುಂದೆ ಸರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ, ದನಿಯಲ್ಲಿ ಒಂದಿಷ್ಟೂ ಬದಲಾವಣೆಯಿಲ್ಲದೆ, "ನಿದ್ದೆ ಮಾಡಿ ತಿಂಗ್ಳಾನುಗಟ್ಲೆ ಆಯ್ತು" ಎಂದು ಮುಗಿಸಿ ಕುಳಿತರು.

ಅಧಿಕಾರಿ ಕನ್ನಡಕ ತೆಗೆದು ನಮ್ಮ ಕಡೆಯನ್ನೇ ನೋಡುತ್ತಿದ್ದರು.

"ಅಮ್ಮಾ, ಮಧ್ಯದಲ್ಲಿ ಯಾಕೆ ನಿಲ್ಲಿಸಿದ್ರಿ?"

"ನಾನೆಲ್ಲಿ ನಿಲ್ಸಿದೆ?" ಎಂದರು ಅತ್ತೆ.

ಅಧಿಕಾರಿ ನನ್ನನ್ನು ಕೇಳಿದರು, ನೀವು ಪಕ್ಕದವರಿಗೆ ಏನೋ ಹೇಳುತ್ತಿದ್ದಿರಿ, ನೀವೂ ನಿಲ್ಲಿಸಿದಿರಿ, ಯಾಕೆ? ನನಗೆ ಗೊತ್ತೇ ಆಗಲಿಲ್ಲ. ಹಿಂದಿನ ಸಾಲಿನಲ್ಲಿ ಪಿಸುಗುಟ್ಟುತ್ತಿದ್ದವರೂ ನಿಲ್ಲಿಸಿದ್ದರಂತೆ. ಬೇರೆ ಬೀದಿಗಳವರು ಮಾತಾಡುತ್ತಲೇ ಇದ್ದರು. ಈ ಮೂರು ಸಾಲು ಮಾತ್ರ ಒಟ್ಟಿಗೇ ಸ್ತಬ್ಧವಾಯಿತು ಎಂದರು ಅವರು. ಆಮೇಲೆ ಜಯಮಾಲಾಳ ಕಡೆ ಕೈ ತೋರಿಸಿದರು. ಅವಳ ಎರಡೂ ಅಂಗೈ ಇನ್ನೂ ಕೂಸಿನ ಕಿವಿಗಳ ಮೇಲಿದ್ದವು. ಯಾವಾಗ ಇಟ್ಟಳೆಂದು ಅವಳಿಗೂ ತಿಳಿದಿರಲಿಲ್ಲ. ಎಲ್ಲರೂ ನೋಡುವುದನ್ನು ಕಂಡು ನಾಚಿ ಕೈ ತೆಗೆದಳು.

ಅಧಿಕಾರಿ ಎಸಿ ನಿಲ್ಲಿಸಲು ಹೇಳಿದರು. ಪರದೆ ಸರಿಸಿ ಕಿಟಕಿ ತೆಗೆಸಿದರು. ಸ್ವಲ್ಪ ಹೊತ್ತಿಗೆ ಬಹಳ ದೂರದಿಂದ, ಮುಖ್ಯ ರಸ್ತೆಯ ಗದ್ದಲದ ಹಿಂದಿನಿಂದ, ಇನ್ನೊಂದು ವಿಮಾನ ಏಳುವ ಸದ್ದು ಬಂತು. ಇಂದಿರಾನಗರದವರ ಕಿವಿಗೆ ಅದು ಬೀಳುವಂಥದ್ದೇ ಅಲ್ಲ. ಅಷ್ಟರಲ್ಲಿ ಜಯಮಾಲಾಳ ಕೈ ಮತ್ತೆ ಮೇಲೆ ಹೋಗಿತ್ತು. ಭೀಮು ಅವಳ ಕೈಯನ್ನೇ ನೋಡುತ್ತಾ ಕುಳಿತಿದ್ದ. ಅವನ ಕಣ್ಣು ತುಂಬಿತ್ತು.

"ಪ್ರೇಮ್‌ಕುಮಾರ್," ಎಂದರು ಅಧಿಕಾರಿ, "ಇನ್ನೊಂದ್ಸಲ ಅಳೀರಿ. ಆ ಮಗು ಮಲಗೋ ಜಾಗದಲ್ಲಿ. ರಾಹುಕಾಲದಲ್ಲಿ."

ಪ್ರೇಮ್‌ಕುಮಾರ್ ನಗುತ್ತಾ ಬರೆದುಕೊಂಡ. ಈ ಸಲ ಚಿತ್ರಾನ್ನ ಬೇಡ ಎಂದು ಅತ್ತೆಗೆ ಕೈಮುಗಿದ.

ಟೆಂಪೋ ಇಳಿದವರೇ ಅತ್ತೆ ನೇರ ಹಿಂದಿನ ಸಾಲಿಗೆ ಹೋದರು. ಜಯಮಾಲಾಳ ಕೋಣೆಯಿಂದ ತೊಟ್ಟಿಲ ಸೀರೆಯನ್ನು ಬಿಚ್ಚಿಸಿ ತಂದು ತಮ್ಮ ಹಾಲ್‌ನ ಕೊಂಡಿಗೆ ತಾವೇ ನಿಂತು ಕಟ್ಟಿಸಿದರು. ಮೊಮ್ಮಕ್ಕಳಿಗೆಂದು ಹಾಕಿಸಿ ಖಾಲಿ ಬಿದ್ದಿದ್ದ ಕೊಂಡಿ ಅದು. ಜಯಮಾಲಾ ಬೇಡ ಎಂದು ಸಂಕೋಚಪಟ್ಟರೆ ಗದರಿದರು. ಚಾವಣಿ ಆಗುವವರೆಗೂ ತಾಯಿ ಮಗು ಇಬ್ಬರೂ ಇಲ್ಲೇ, ಊರಿನ ಮಾತು ಎತ್ತಿದರೆ ನೋಡು ಎಂದರು. ನನ್ನ ಕಡೆ ಮಾತ್ರ ತಿರುಗಲಿಲ್ಲ. ಆದರೆ ರಾತ್ರಿ ಊಟಕ್ಕೆ ನನ್ನ ತಟ್ಟೆಗೆ ಕೇಳದೆಯೇ ತುಪ್ಪ ಹಾಕಿದರು. ಅತ್ತೆ ಕ್ಷಮೆ ಕೇಳುವುದು ಹಾಗೆ.

ಆಮೇಲಿನ ಸೋಮವಾರ ಏಳೂವರೆಗೆ ಮೀಟರ್ ಜಯಮಾಲಾಳ ಕೋಣೆಯಲ್ಲಿತ್ತು. ಮೊದಲ ವಿಮಾನಕ್ಕೇ ಪ್ರೇಮ್‌ಕುಮಾರ್ ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಬಂದ. ನಮ್ಮ ಬೀದಿ ಪಟ್ಟಿಗೆ ಸೇರಿತು. ಸರ್ಕಾರಿ ಕೆಲಸ, ಜಯಮಾಲಾ ಹೇಳಿದ್ದ ದೀಪಾವಳಿ ಹೋಗಿ ಸಂಕ್ರಾಂತಿ ದಾಟಿತು. ಅಷ್ಟರಲ್ಲಿ ಕೂಸು ಅತ್ತೆಯ ಆ ತಂಪು ಹಾಲ್‌ನಲ್ಲಿ ನಿದ್ದೆ ಮಾಡಿ ದುಂಡಗಾಯಿತು. ದೇವರ ಮನೆಯ ಕಡೆ ಅಂಬೆಗಾಲಿಟ್ಟು ಹೋಗಿ ಬತ್ತಿ ಎಳೆಯುವುದನ್ನು ಕಲಿತಿತು. ಗೋಡೆಯ ಪಕ್ಕ ಹೊಂಗೆ, ಬೇವಿನ ಸಸಿಗಳನ್ನು ನೆಟ್ಟರು. ಅವು ಇನ್ನೂ ಸದ್ದಿರಲಿ, ಮೇಕೆಯನ್ನೂ ತಡೆಯುವಷ್ಟು ಬೆಳೆದಿಲ್ಲ. ಶಾಲೆಯ ಕಿಟಕಿಗೆ ಗಾಜು ಬಂತು. ಕೊನೆಗೆ ಶೀಟ್ ಮನೆಗಳಿಗೆ ಒಂದೊಂದಾಗಿ ಒಳಚಾವಣಿ ಹಾಕಿದರು, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹೊಡೆದರು.

ಜಯಮಾಲಾ ಕೋಣೆಗೆ ವಾಪಸ್ ಹೋದದ್ದೂ ಒಂದು ಸೋಮವಾರ. ದಿನ ಗೊತ್ತು ಮಾಡಿದವರು ಅತ್ತೆಯೇ. ಹಾಲು ಉಕ್ಕಿಸುವುದು ಒಂಬತ್ತರ ಮೇಲೆ, ಅದರಲ್ಲಿ ರಾಜಿಯಿಲ್ಲ. ಆದರೆ ತೊಟ್ಟಿಲು ಎಂಟಕ್ಕೇ ಕಟ್ಟಬೇಕು ಎಂದರು. ನಾವೆಲ್ಲ ಕಣ್ಣರಳಿಸಿದೆವು. ವಿಮಾನ ಬರುವ ಹೊತ್ತಿಗೆ ನೋಡದೆ ಇನ್ನು ಯಾವಾಗ ನೋಡುವುದು ಎಂದು ನಮ್ಮನ್ನೇ ದಬಾಯಿಸಿದರು.

ಭೀಮು ಸೀರೆ ಬಿಗಿದು ತೊಟ್ಟಿಲು ಕಟ್ಟಿದ. ಜಯಮಾಲಾ ಕೂಸನ್ನು ಮಲಗಿಸಿ, ಬಿಸಿಲಿಗೆ ಹಾಕಿ ತಂದಿದ್ದ ಆ ಹಳೆಯ ಕೌದಿಯನ್ನು ಹೊದಿಸಿ, ತೂಗಿದಳು. ನಿದ್ದೆ ಬಂತು. ಆ ಸಣ್ಣ ಕೋಣೆಯಲ್ಲಿ ನಾನು, ಅತ್ತೆ, ಆತಿಕಾ, ಅವರಿಬ್ಬರು, ಬಾಗಿಲು ಹಾಕಿದೆವು. ಅತ್ತೆ ಮೆಲ್ಲಗೆ ನನ್ನ ಮೇಲೆ ದೂರು ಹೇಳುತ್ತಿದ್ದರು. ಈ ಕೋಣೆಯ ಕೊಂಡಿಯನ್ನು ಮಧ್ಯಕ್ಕೆ ಹಾಕಿಸಬೇಕಾಗಿತ್ತು, ನಿಂತು ನೋಡಿಕೊಳ್ಳುವುದು ಬಿಟ್ಟು ನಾನು ಅಂಗಡಿಯಲ್ಲಿ ಬ್ಲೌಸು ಹೊಲಿಯುತ್ತಾ ಕುಳಿತಿದ್ದೆನಂತೆ. "ಈ ಮನೇಲಿ ಒಂದು ಕೆಲ್ಸಾನೂ ನಾನು ಹೇಳ್ದೆ" ಎಂದರು, ಮತ್ತು ನಿಂತರು.

ವಿಮಾನ ಬಂದಿತ್ತು. ಸದ್ದು ಇತ್ತು, ಇಲ್ಲವೆನ್ನಲಾರೆ. ಆದರೆ ಅದು ಬೇರೆ ಯಾರದೋ ಬೀದಿಯಲ್ಲಿ ಲಾರಿ ಹೋದ ಹಾಗೆ, ಹೊರಗೆ, ದೂರದಲ್ಲಿತ್ತು. ನಾವೆಲ್ಲ ಅಭ್ಯಾಸದಂತೆ ಬಾಯಿ ಮುಚ್ಚಿ ನಿಂತಿದ್ದೆವು. ಜಯಮಾಲಾಳ ಕೈ ತೊಟ್ಟಿಲವರೆಗೆ ಹೋಗಿ ಅಲ್ಲೇ ತಡೆಯಿತು. ಆಗ ನಮಗೆ ಕೇಳಿಸಿತು. ಕೂಸು ನಿದ್ದೆಯಲ್ಲಿ ಬೆರಳು ಚೀಪುತ್ತಿತ್ತು. ಚಪ್, ಚಪ್ ಎಂದು, ನಡುವೆ ಒಂದು ಉಸಿರು, ಮತ್ತೆ ಚಪ್. ಇಷ್ಟು ವರ್ಷ ನಾವು ವಿಮಾನಕ್ಕೆ ಮಾತು ನಿಲ್ಲಿಸಿದ್ದೇವೆ. ಆ ನಿಲುಗಡೆಯೊಳಗೆ ಬೇರೊಂದು ಸದ್ದು ಕಿವಿಗೆ ಬಿದ್ದದ್ದು ಅದೇ ಮೊದಲು.

ಭೀಮು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡ. ವಿಮಾನ ದಾಟಿಹೋಯಿತು. ನಾನು ಅತ್ತೆಯ ಕಡೆ ನೋಡಿದೆ, ಉಳಿದ ಬೈಗುಳ ಬರಲಿ ಎಂದು ಕಾದೆ. ಅವರು ತೊಟ್ಟಿಲ ಕಡೆ ಕಿವಿಗೊಟ್ಟು ನಿಂತೇ ಇದ್ದರು. ಬಿಟ್ಟ ಮಾತನ್ನು ಅವತ್ತು ಅವರು ಎತ್ತಿಕೊಳ್ಳಲೇ ಇಲ್ಲ.